ಕೆರೆಗೆ ಅಜೀರ್ಣ

ನನ್ನ ಸೋದರಮಾವನ ಮೂಗಿಗೆ ಸರ್ಕಾರ ಸಂಬಳ ಕೊಡಬೇಕಾಗಿತ್ತು. ಕೊಡಲಿಲ್ಲ, ಆ ಮೂಗಿನ ಚಾಕರಿಯನ್ನೆಲ್ಲ ನಾನೇ ಮಾಡಿ ಸುಸ್ತಾದೆ!

ಅರವತ್ತರ ದಶಕದ ಕೊನೆ. ನಾನು ಕೊಳ್ಳೇಗಾಲದ ಕಚೇರಿಯೊಂದರಲ್ಲಿ ಗುಮಾಸ್ತ. ದಿನವಿಡೀ ಕಡತದ ಧೂಳು ಕುಡಿದು ಮನೆಗೆ ಬಂದರೆ ಜಗಲಿಯ ಮೇಲೆ ಮಾವ ಕೂತಿರುತ್ತಿದ್ದರು. ಪಕ್ಕದಲ್ಲೊಂದು ಕುಡಿಕೆ, ಅದರ ತುಂಬ ಅವರೂರ ಕೆರೆಯಂಚಿನ ಕಪ್ಪು ಕೆಸರು. ನಾನು ಚಪ್ಪಲಿ ಬಿಡುವ ಮೊದಲೇ ಕುಡಿಕೆ ಮೂಗಿನ ಕೆಳಗೆ!

"ಮೂಸ್ನೋಡ್ಲಾ. ಓದ್ಸಲಕ್ಕಿಂತ ಜಾಸ್ತಿ ನಾರ್ತದೆ ತಾನೆ?"

ಯಾವ ನಾತ ಯಾವುದಕ್ಕಿಂತ ಜಾಸ್ತಿ ಎಂದು ಹೇಳಲು ನಾನೇನು ಅತ್ತರಿನ ವ್ಯಾಪಾರಿಯೇ?

ಸಂಗತಿ ಇಷ್ಟು. ಮಾವನ ಊರಿಗೆ ಯೂರಿಯಾ ಎಂಬ ಬಿಳಿ ಗೊಬ್ಬರ ಬಂದು ಎರಡು ಮೂರು ವರ್ಷವಾಗಿತ್ತು. ಭತ್ತ ಕಡುಹಸಿರಾಗಿ ಎಲ್ಲರ ಮುಖ ಅರಳಿದ್ದರೆ ಮಾವನ ಮುಖ ಮಾತ್ರ ಬಾಡಿತ್ತು. ಗದ್ದೆಯಿಂದ ಬಸಿದ ನೀರು ಕೆರೆಗಿಳಿದು, ಪಾಚಿ ದಪ್ಪಗೆ ಹಬ್ಬಿ, ಕೊಳೆತು, ಅಂಚಿನ ಮಣ್ಣೆಲ್ಲ ಕಪ್ಪಾಗಿತ್ತು. "ಕೆರೆಗೆ ಅಜೀರ್ಣ ಕಣ್ಲಾ!" ಎನ್ನುತ್ತಿದ್ದರು ಮಾವ, ಮಗುವಿನ ಹೊಟ್ಟೆನೋವಿನ ಸುದ್ದಿ ಹೇಳುವವರಂತೆ.

ಒಮ್ಮೆ ಬಸ್ಸಿನಲ್ಲಿ ಕುಡಿಕೆಯ ಬಾಯಿಗೆ ಕಟ್ಟಿದ ಬಟ್ಟೆ ಜಾರಿತು. "ಯಾರ್ರೀ ಕೊಳ್ತ್ ಮೊಟ್ಟೆ ತಂದಿರೋರು?" ಎಂದು ಕಂಡಕ್ಟರ್ ಅರಚಿದ. ಮಾವ ಎದ್ದು ನಿಂತು, "ಮೊಟ್ಟೆ ಅಲ್ಲ ಕಣಪ್ಪಾ, ನಮ್ಮೂರ್ ಕೆರೆ" ಎಂದರು. ಆತ ಮಾವನನ್ನೂ ಕೆರೆಯನ್ನೂ ನಡುದಾರಿಯ ಮುಳ್ಳೂರಿನಲ್ಲೇ ಇಳಿಸಿದ.

ಆಮೇಲೆ ಅತ್ತೆಯ ಬೆಳ್ಳಿಯ ಕುಂಕುಮದ ಭರಣಿ ಕಾಣೆಯಾಯಿತು. ಸಿಕ್ಕಿದ್ದು ಕೆರೆಯ ಕೆಸರಿನಲ್ಲಿ, ಇದ್ದಿಲಿನಂತೆ ಕಪ್ಪಾಗಿ! "ಅಯ್ಯೋ, ನನ್ ತೌರಿನ್ ಬೆಳ್ಳಿ!" ಎಂದು ಅತ್ತೆ ಅತ್ತರೆ, ಮಾವ ಕುಣಿದಾಡಿದರು: "ನೋಡಮ್ಮಿ, ಮೂರೇ ದಿನ! ನನ್ ಮೂಗ್ ನಂಬ್ದಿದ್ರೂ ಬೆಳ್ಳಿ ನಂಬು!" ಅತ್ತೆ ಹದಿನೈದು ದಿನ ಮಾತು ಬಿಟ್ಟರು. "ಕೆರೆ ಕೆಟ್ಟು ಇದೊಂದ್ ಒಳ್ಳೇದಾಯ್ತು" ಎಂದು ಮಾವ ನನ್ನ ಕಿವಿಯಲ್ಲಿ ಉಸುರಿದರು.

ಕಾಟ ತಾಳದೆ ಭರಣಿ, ಕುಡಿಕೆ, ಮಾವ, ಮೂರನ್ನೂ ವ್ಯವಸಾಯ ಇಲಾಖೆಯ ಸಾಹೇಬರ ಮುಂದೆ ತಂದು ನಿಲ್ಲಿಸಿದೆ. ಆಶ್ಚರ್ಯ, ಅವರು ನಗಲಿಲ್ಲ! ಪಾಚಿ ಕೊಳೆತು ಮಣ್ಣಿಗೆ ಉಸಿರುಕಟ್ಟಿದಾಗ ಗಂಧಕದ ಗಾಳಿ ಏಳುತ್ತದೆ, ಬೆಳ್ಳಿ ಕಪ್ಪಾಗುವುದು ಅದರಿಂದಲೇ ಎಂದರು.

"ಯಜಮಾನ್ರು ಹೇಳೋದು ಸರಿ. ಆದ್ರೆ ಇದಕ್ಕೆ ಔಷಧಿ ಇಲ್ಲ."

"ಔಷ್ದಿ ಬ್ಯಾಡಿ ಸಾ. ಉಣ್ಸೋದ್ ಕಮ್ಮಿ ಮಾಡ್ಬೇಕು."

ಊರಿಗೆ ಹೋದವರೇ ಮಾವ ತಮ್ಮ ಗದ್ದೆಗೆ ಗೊಬ್ಬರ ಅರ್ಧ ಮಾಡಿ, ಎರಚಿದ ಮೇಲೆ ವಾರಗಟ್ಟಲೆ ನೀರು ಹೊರಹೋಗದಂತೆ ಬದುವಿನ ಕಂಡಿ ಮುಚ್ಚಿದರು. ಪೈರು ಪೇಲವವಾಯಿತು, ಊರು ನಕ್ಕಿತು. ಬೇಸಿಗೆಯ ಒಂದು ಬೆಳಗ್ಗೆ ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದಾಗ ಆ ನಗು ನಿಂತಿತು. ನಾಲ್ಕು ಮನೆಯವರು ತಾವೂ ಕಂಡಿ ಮುಚ್ಚಿದರು. ನಾಲ್ಕೇ.

ಮತ್ತೆ ಕುಡಿಕೆ ಬಂತು. ಅಂದು ನನಗೆ ವಿಪರೀತ ತಲೆನೋವು. "ಸಾಕು ಮಾಡಿ ಮಾವ! ಯಾರಿಗ್ ಬೇಕು ಈ ಮಣ್ಣು?" ಎಂದು ರೇಗಿಬಿಟ್ಟೆ.

ಮಾವ ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿದರು. ಆಮೇಲೆ ಮೆಲ್ಲಗೆ ಅಂದರು: "ನಿಮ್ಮವ್ವುಂಗೆ ಬೇಕಾಗಿತ್ತು ಕಣ್ಲಾ. ನೀ ಒಟ್ಟೇಲಿದ್ದಾಗ ಅವ್ಳಿಗೆ ಅನ್ನ ಸೇರ್ತಿರ್ನಿಲ್ಲ. 'ಅಣ್ಣಾ, ಒಸಿ ಕೆರೆ ಮಣ್ಣು ತಕಂಬಾ' ಅನ್ನೋಳು. ಆಗ ಅದು ಮೊದಲ್ ಮಳೆ ಬಿದ್ದಂಗೆ ಗಮ್ಮನ್ನದು. ಸೆರಗಲ್ಲಿ ಕಟ್ಕಂಡು, ಯಾರ್ಗೂ ಕಾಣ್ದಂಗೆ ತಿನ್ನೋಳು."

ನನಗೆ ಹಲ್ಲು ಬರುವ ಮೊದಲೇ ತೀರಿಕೊಂಡ ಅವ್ವನ ಬಗ್ಗೆ ಮಾವ ಅದುವರೆಗೆ ಒಂದು ಮಾತೂ ಆಡಿದವರಲ್ಲ.

"ಇನ್ನೂ ಏನೇನ್ ಅನ್ನೋಳು, ಮಾವ?" ಎಂದು ಕೇಳಿ ಅವರ ಪಕ್ಕದಲ್ಲಿ ಕೂತೆ.