ಗೆರೆ ಇಳಿದ ಕಡೆಗೆ

ನಾನು ಮುಂಬಯಿಯ ಚೆಂಬೂರಿನಲ್ಲಿ ಕಾರು ಕಲಿಸುವವಳು. ಗಂಟಲು ಹರಿಯುವಂತೆ ಕಿರುಚದೆ ನನ್ನ ಒಂದು ದಿನವೂ ಮುಗಿದದ್ದಿಲ್ಲ. ಸಂಜೆ ಚಪ್ಪಲಿ ಬಿಡುವ ಮೊದಲೇ ಗಂಡ ಕೇಳುತ್ತಾರೆ, "ಇವತ್ತು ಯಾರ ಮೇಲೆ?"

ಯಾರ ಮೇಲಾದರೂ ಇರಲಿ, ಕಾರಣ ಹೆಚ್ಚಾಗಿ ಒಂದೇ: ಹಳದಿ-ಕಪ್ಪು ಪಟ್ಟಿಯ ಬೋರ್ಡು. ಡಿವೈಡರಿನ ಮೂತಿಗೆ, ಫ್ಲೈಓವರಿನ ಕಂಬಕ್ಕೆ ಹಾಕಿರುತ್ತಾರಲ್ಲ, ಅದು. ಇಲ್ಲಿ ಅಡ್ಡ ಇದೆ, ಗುದ್ದಬೇಡ ಎಂದರ್ಥ. ಯಾವ ಕಡೆಯಿಂದ ಹೋಗಬೇಕೆಂದೂ ಅದರಲ್ಲೇ ಇದೆ. ಓರೆ ಪಟ್ಟಿ ಯಾವ ಕಡೆಗೆ ಇಳಿದಿದೆಯೋ ಆ ಕಡೆಯಿಂದ. ಹಂಚಿನ ಮಾಡಿನ ನೀರು ಇಳಿಜಾರಿಗೆ ಹರಿದ ಹಾಗೆ. ಇಷ್ಟೇ ಪಾಠ. ಈ ಊರಿನ ಜನಕ್ಕೆ ಇಷ್ಟೂ ಗೊತ್ತಿಲ್ಲ. ಹಾರ್ನ್ ಹೊಡೆಯುವುದನ್ನು ಮಾತ್ರ ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದಿರುತ್ತಾರೆ.

ಕಾಲಿ-ಪೀಲಿ

ಒಬ್ಬ ಕಾಲೇಜು ಹುಡುಗಿ. ಮನೆಯಲ್ಲಿ ಕನ್ನಡ ಕೇಳಿ ಬೆಳೆದವಳು, ಮಾತು ಮಾತ್ರ ಅರ್ಧ ಹಿಂದಿ. ಪುಸ್ತಕದಲ್ಲಿ ಆ ಬೋರ್ಡಿನ ಚಿತ್ರ ತೋರಿಸಿ, "ಇದೇನು?" ಎಂದೆ.

"ಟ್ಯಾಕ್ಸಿ ಸ್ಟ್ಯಾಂಡ್, ಮೇಡಂ. ಕಾಲಿ-ಪೀಲಿ."

ಇಲ್ಲಿಯ ಕಪ್ಪು-ಹಳದಿ ಟ್ಯಾಕ್ಸಿಗೆ ಹಾಗೆನ್ನುತ್ತಾರೆ. ನನ್ನ ರಕ್ತ ಕುದಿಯಿತು. "ಹಾಗಾದರೆ ಚಿತ್ರದಲ್ಲಿ ಟ್ಯಾಕ್ಸಿ ಎಲ್ಲಿ?"

ಅವಳು ಚಿತ್ರವನ್ನು ಮತ್ತೊಮ್ಮೆ ನೋಡಿದಳು. "ಬಾಡಿಗೆ ಲೇಕೆ ಹೋಗಿರ್ಬೇಕು. ಈಗ ಬರ್ತಾನೆ, ಮೇಡಂ."

ದಾದಾ ನಿಂತಿದ್ದಾರೆ

ನಮ್ಮ ಉಡುಪಿ ಕಡೆಯ ಹೋಟೆಲ್ ಯಜಮಾನರೊಬ್ಬರು ಐವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದರು. ಒಳ್ಳೆಯ ಮನುಷ್ಯ. ಕ್ಲಚ್ಚಿನ ಹತ್ತಿರವೂ ಗಿರಾಕಿಯ ಹತ್ತಿರ ಆಡಿದಷ್ಟೇ ಮೆತ್ತಗೆ.

ಫ್ಲೈಓವರಿನ ಕಂಬವೊಂದು ರಸ್ತೆಯ ನಡುವೆ ಇದೆ. ಅದರ ಪಟ್ಟಿಯ ಬೋರ್ಡಿನ ಮೇಲೆ ಯಾರೋ ಗಲ್ಲಿಯ ದಾದಾನ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ್ದರು. ಆಳೆತ್ತರದ ದಾದಾ, ಕರಿ ಕನ್ನಡಕ, ಮುಗಿದ ಕೈ. ಯಜಮಾನರು ನೇರ ಅವನ ಎದೆಗೇ ಕಾರು ಬಿಟ್ಟರು. ನಾನು ನನ್ನ ಕಡೆಯ ಬ್ರೇಕ್ ತುಳಿದೆ. ಗೇಣಿನ ಅಂತರದಲ್ಲಿ ನಿಂತೆವು.

"ಎಂತ ಮಾರಾಯ್ರೇ! ಎದುರು ಎಂತ ಉಂಟು ಕಾಣುವುದಿಲ್ವಾ?"

"ಕಾಣ್ತದೆ ಮೇಡಂ. ದಾದಾ ನಿಂತಿದ್ದಾರೆ."

"ದಾದಾನ ಹಿಂದೆ?"

ಯಜಮಾನರು ಆಚೀಚೆ ನೋಡಿ ಸ್ವರ ತಗ್ಗಿಸಿದರು. "ಅವರ ಹಿಂದೆ ಯಾರಿದ್ದಾರೆ ಅಂತ ನಾವು ಕೇಳ್ಲಿಕ್ಕೆ ಹೋಗಬಾರದು ಮೇಡಂ. ನನಗೆ ಇಲ್ಲಿ ಹೋಟೆಲ್ ನಡೆಸ್ಲಿಕ್ಕುಂಟು."

ವಾಚ್‌ಮನ್‌ನ ಕುರ್ಚಿ

ಮುಲುಂಡಿನ ಒಂದು ಹೌಸಿಂಗ್ ಸೊಸೈಟಿ. ಅಲ್ಲಿನ ನಿವೃತ್ತ ಕನ್ನಡ ಟೀಚರೊಬ್ಬರು ನನ್ನ ವಿದ್ಯಾರ್ಥಿನಿ. ಗೇಟಿನ ಎರಡು ಕಂಬಗಳಿಗೆ ಸದಾ ಕಾರುಗಳು ಉಜ್ಜುತ್ತವೆ ಎಂದು ಅವರು ಹೇಳಿದ್ದರಿಂದ, "ಕಂಬಕ್ಕೆ ಹಳದಿ-ಕಪ್ಪು ಪಟ್ಟಿ ಬರೆಸಿ. ಎರಡೂ ಕಂಬದ ಪಟ್ಟಿ ನಡುವಿನ ದಾರಿಯ ಕಡೆಗೆ ಇಳಿಯಬೇಕು" ಎಂದು ನಾನೇ ಸೆಕ್ರೆಟರಿಗೆ ಕಾಗದದ ಮೇಲೆ ಬರೆದುಕೊಟ್ಟೆ.

ಮುಂದಿನ ವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೀಚರೇ ಕಾರು ಓಡಿಸಿಕೊಂಡು ಗೇಟಿಗೆ ಬಂದರು. ನೋಡುತ್ತೇನೆ, ಎರಡೂ ಕಂಬದ ಪಟ್ಟಿ ಬಲಕ್ಕೇ ಇಳಿದಿದೆ! ನಾನು ಬಾಯಿ ತೆರೆದು ನೋಡುತ್ತಿರುವಾಗಲೇ ಟೀಚರು ಬಲಗಂಬದ ಆಚೆಗೆ ಕಾರು ತಿರುಗಿಸಿದ್ದರು. ನಾನು ಬ್ರೇಕ್ ಒತ್ತುವಷ್ಟರಲ್ಲಿ ವಾಚ್‌ಮನ್‌ನ ಕುರ್ಚಿ ಚಪ್ಪಟೆ. ಪುಣ್ಯಕ್ಕೆ ಅವನು ಚಾ ತರಲು ಹೋಗಿದ್ದ.

"ಟೀಚರ್, ಅದು ಗೋಡೆ!"

"ನೀವೇ ಹೇಳಿದ್ದಲ್ವಾ, ಗೆರೆ ಇಳಿದ ಕಡೆಗೆ ಹೋಗಬೇಕು ಅಂತ?"

ಸೆಕ್ರೆಟರಿ ಓಡಿಬಂದರು. ನಾನು ಹರಿಹಾಯ್ದೆ. ಅವರು ಶಾಂತವಾಗಿ, "ಎರಡೂ ಒಂದೇ ಥರ ಇದ್ದರೆ ನೋಡೋಕೆ ಚೆಂದ ಅಂತ ಪೇಂಟರ್ ಹೇಳಿದ. ಮತ್ತೆ, ಒಂದು ವಾರದಿಂದ ಬೇರೆ ಯಾರೂ ಗುದ್ದಿಲ್ಲವಲ್ಲ ಮೇಡಂ? ನೀವು ದಯವಿಟ್ಟು ನಮ್ಮವರಿಗೆ ಈ ಪಟ್ಟಿ ಓದೋದು ಕಲಿಸಬೇಡಿ" ಎಂದರು.

ಇನ್ನೊಮ್ಮೆ ತಿರುವ್ಲೇನ್ರಿ?

ಇದನ್ನು ಹೇಳಬಾರದು ಅಂದುಕೊಂಡಿದ್ದೆ.

ಭಾಂಡುಪಿನಲ್ಲಿ ಒಂದು ಡಿವೈಡರ್. ಹಿಂದಿನ ವಾರವಷ್ಟೇ ರಿಕ್ಷಾದವನೊಬ್ಬ ಅದಕ್ಕೆ ಗುದ್ದಿ ಮುಂದಿನ ಹಲ್ಲು ಕಳೆದುಕೊಂಡಿದ್ದ. ಬೆಳಿಗ್ಗೆ ಹೊಸ ವಿದ್ಯಾರ್ಥಿನಿಯೊಂದಿಗೆ ಆ ದಾರಿಯಲ್ಲಿ ಹೋದರೆ, ಒಬ್ಬ ಕೆಲಸಗಾರ ಡಿವೈಡರಿನ ಮೂತಿಗೆ ಪಟ್ಟಿಯ ಬೋರ್ಡು ಬಿಗಿಯುತ್ತಿದ್ದಾನೆ. ಪಟ್ಟಿ ಬಲಕ್ಕೆ ಇಳಿದಿದೆ! ಅದನ್ನು ನಂಬಿ ಬಂದವನು ಸೀದಾ ಎದುರಿನಿಂದ ಬರುವ ಡಂಪರ್ ಲಾರಿಯ ಬಾಯಿಗೆ.

ಕಾರು ಬದಿಗೆ ನಿಲ್ಲಿಸಿ ಇಳಿದೆ. "ಏಯ್, ಯಾರನ್ನು ಸಾಯಿಸಬೇಕಂತಿದ್ದೀಯಾ?" ಎಂದು ಹಿಂದಿಯಲ್ಲಿ ಕೂಗಾಡಿದೆ. ಸಿಟ್ಟು ನೆತ್ತಿಗೇರಿ ನಡುವೆ ಕನ್ನಡವೂ ಬಂತು. ಅವನ ಮುಖ ಅರಳಿತು.

"ಕನ್ನಡದವರೇನ್ರಿ ಅಕ್ಕಾರ? ನಾವು ವಿಜಾಪುರ ಕಡೇವ್ರು."

"ಊರು ಆಮೇಲೆ! ಬೋರ್ಡು ಉಲ್ಟಾ ಹಾಕಿದ್ದೀಯ."

"ನಮ್ಗ ನಾಕು ಬೋಲ್ಟ್ ಕೊಟ್ಟಾರ್ರಿ. ಯಾ ದಿಕ್ಕಂತ ಹೇಳಿಲ್ರಿ."

"ನಾನು ಹೇಳ್ತೇನೆ. ಬಿಚ್ಚು. ತಲೆಕೆಳಗು ಮಾಡಿ ಹಾಕು."

ಅಷ್ಟರಲ್ಲಿ ಜನ ಸೇರಿದ್ದರು. ಅವನು ನಾಲ್ಕೂ ಬೋಲ್ಟ್ ಬಿಚ್ಚಿ, ಬೋರ್ಡನ್ನು ಮೇಲಿದ್ದದ್ದು ಕೆಳಗೆ ಮಾಡಿ, ಮತ್ತೆ ಬಿಗಿದ. ನೋಡಿದೆ. ಪಟ್ಟಿ ಬಲಕ್ಕೇ ಇಳಿದಿದೆ.

"ನೀನು ತಿರುಗಿಸಲೇ ಇಲ್ಲ!"

"ತಿರುವೀನ್ರಿ. ಮಂದಿ ನೋಡ್ಯಾರ್ರಿ."

"ಇನ್ನೊಮ್ಮೆ ತಿರುಗಿಸು."

ತಿರುಗಿಸಿದ. ಬಲಕ್ಕೇ. ಆಗ ಅರ್ಥವಾಯಿತು. ಓರೆ ಗೆರೆಯನ್ನು ತಲೆಕೆಳಗು ಮಾಡಿದರೂ ಅದು ಅದೇ ಓರೆ. ಇಷ್ಟು ವರ್ಷ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

"ಇನ್ನೊಮ್ಮೆ ತಿರುವ್ಲೇನ್ರಿ ಅಕ್ಕಾರ?" ಎಂದ ಅವನು, ಒಂದಿಷ್ಟೂ ನಗದೆ.

ಅವನು ತಾನಾಗಿಯೇ ಟೆಂಪೋದ ಹತ್ತಿರ ಹೋಗಿ, ಬೋರ್ಡುಗಳ ರಾಶಿ ಸರಿಸಿ, ಎಡಕ್ಕೆ ಇಳಿದ ಪಟ್ಟಿಯ ಬೇರೆಯದೇ ಬೋರ್ಡು ತಂದು ಬಿಗಿದ. ಸರಿಯಾಯಿತು. ಜನ ಚಪ್ಪಾಳೆ ತಟ್ಟಿದರು, ಅವನಿಗೆ.

ಕಾರಿಗೆ ಹಿಂತಿರುಗಿ ಬಾಗಿಲು ಹಾಕಿಕೊಂಡೆ. ಅಂದೇ ಮೊದಲ ದಿನ ಬಂದಿದ್ದ ವಿದ್ಯಾರ್ಥಿನಿ ಹೊರಗೆ ಅವನನ್ನೇ ನೋಡುತ್ತಾ ಬಹಳ ವಿನಯದಿಂದ ಕೇಳಿದಳು:

"ಮೇಡಂ, ಅವರೂ ಕ್ಲಾಸ್ ನಡೆಸ್ತಾರಾ?"