ಮಾಳಿಂಗಪ್ಪ ರಾಯಚೂರು ತೋರಿಸಿದ್ದು

ರಾಯಚೂರಿನಲ್ಲಿ ಬಿಸಿಲು ಬಿಟ್ಟರೆ ಇನ್ನೇನಿದೆ ಎಂದು ಯಾರಾದರೂ ಅಂದರೆ ಸಾಕು, ಮಾಳಿಂಗಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅವನೇನೂ ಈ ಊರಲ್ಲಿ ಹುಟ್ಟಿದವನಲ್ಲ. ಪೋತ್ನಾಳದಿಂದ ಬಂದು ಇಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದವನು. ಆದರೆ ರಾಯಚೂರಿನ ಕೋಟೆ ಕಟ್ಟಿಸಿದವರಿಗೂ ಅದರ ಬಗ್ಗೆ ಅವನಷ್ಟು ಅಭಿಮಾನ ಇದ್ದಿರಲಾರದು. ಅಂಥವನ ಮುಂದೆ ಈ ಮಾತು ಆಡಿದವನು ಬೇರೆ ಯಾರೂ ಅಲ್ಲ, ಹೆಂಡತಿ ದುರುಗಮ್ಮನ ಖಾಸಾ ಅಣ್ಣ, ಅರಕೇರಾದ ಕುರಿಗಾರ ಕನಕರಾಯ!

ಎಪ್ಪತ್ತೆಂಟರ ಜೂನ್ ತಿಂಗಳು. ಕನಕರಾಯನ ಮಗಳು ಯಂಕಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅತ್ತೆಯ ಮನೆಯಲ್ಲಿದ್ದು ರಾಯಚೂರಿನ ಕಾಲೇಜಿಗೆ ಹೋಗಬೇಕೆಂದು ಹುಡುಗಿಗೆ ಆಸೆ. ಅವಳನ್ನು ಇಟ್ಟುಕೊಂಡು ಓದಿಸಬೇಕೆಂದು ದುರುಗಮ್ಮನಿಗೆ ಅವಳಿಗಿಂತ ಹೆಚ್ಚಿನ ಆಸೆ. ಕನಕರಾಯ ಮಾತ್ರ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಒಂದು ದಿನ ಬಂದು ಊರು, ಕಾಲೇಜು ಎರಡನ್ನೂ ನೋಡುತ್ತಾನೆ. ಮನಸ್ಸಿಗೆ ಬಂದರೆ ಹುಡುಗಿ ಓದಲಿ. ಬಾರದಿದ್ದರೆ ಸಂಜೆಯ ಬಸ್ಸಿಗೆ ಅವಳನ್ನು ವಾಪಸು ಕರೆದುಕೊಂಡು ಹೋಗಿ, ಮಾನ್ವಿ ಕಡೆಯಿಂದ ಬಂದಿರುವ ಸಂಬಂಧಕ್ಕೆ ಹೂಂ ಅನ್ನುತ್ತಾನೆ.

ಗಂಡನನ್ನು ಚೆನ್ನಾಗಿ ಬಲ್ಲ ದುರುಗಮ್ಮ, ಅಣ್ಣನನ್ನು ನೆಟ್ಟಗೆ ಕಾಲೇಜಿಗೆ ಕರೆದೊಯ್ದು ನೆಟ್ಟಗೆ ಮನೆಗೆ ಕರೆತರಬೇಕೆಂದು ಹಿಂದಿನ ದಿನವೇ ತಾಕೀತು ಮಾಡಿದ್ದಳು. ಮಾಳಿಂಗಪ್ಪನಿಗೆ ಅದು ಅವಮಾನ ಎನಿಸಿತು.

"ಬರೇ ಕಾಲೇಜು ತೋರಿಸಿದ್ರ ಏನ್ ತೋರಿಸಿದಂಗಾತು? ಒಂದ ದಿನದಾಗ ಇಡೀ ರಾಯಚೂರ ನಿಮ್ಮಣ್ಣನ ಕಣ್ಣಾಗ ತುಂಬತೀನಿ ನೋಡು."

"ಮೊದಲ ಕಾಲೇಜು ತುಂಬ್ರಿ," ಎಂದಳು ದುರುಗಮ್ಮ. "ಜಾಗ ಉಳದ್ರ ಉಳದದ್ದು."

ಮಾಳಿಂಗಪ್ಪ ರಜೆ ಹಾಕಿ ದಂಡಯಾತ್ರೆಯ ಯೋಜನೆ ತಯಾರಿಸಿದ. ಬೆಳಿಗ್ಗೆ ಗಂಡಸರಿಬ್ಬರೂ ನಡೆದುಕೊಂಡು ಹೋಗಿ ಕೋಟೆ ನೋಡುವುದು. ಅಲ್ಲಿಂದ ಆಮ್ ತಲಾಬ್ ಕೆರೆಯ ದಂಡೆಯ ಮೇಲೆ ಗಾಳಿ ಸೇವನೆ. ಬಳಿಕ ತಿನ್ನಲು ಮಂಡಾಳ ಒಗ್ಗರಣೆ, ಮಿರ್ಚಿ. ಮಧ್ಯಾಹ್ನದ ಹೊತ್ತಿಗೆ ಕಾಲೇಜು. ಹೆಂಗಸರು ಜಟಕಾದಲ್ಲಿ ನೇರವಾಗಿ ಅಲ್ಲಿಗೇ ಬರುವುದು. ಆಮೇಲೆ ಎಲ್ಲರೂ ಕೂಡಿ ಮ್ಯಾಟಿನಿ. ಸಂಜೆ ಅವನ ಊರ ಕಡೆ ಹೋಗುವ ದೇವದುರ್ಗದ ಬಸ್ಸಿಗೆ ಕನಕರಾಯನೊಬ್ಬನನ್ನೇ ಹತ್ತಿಸುವುದು. ಇಷ್ಟು ಕರಾರುವಾಕ್ಕಾದ ಯೋಜನೆ ಅವನ ಕಚೇರಿಯಲ್ಲೂ ಯಾರೂ ಮಾಡಿರಲಿಲ್ಲ.

ಇದರಲ್ಲಿ ಒಂದೇ ಅಪಾಯವಿತ್ತು. ರಾಯಚೂರಿನಲ್ಲಿ ಯಾರಿಗೂ ಅವಸರವಿಲ್ಲ. ಪರಿಚಯದವನು ನೆಂಟನನ್ನು ಕಟ್ಟಿಕೊಂಡು ಬಾಗಿಲ ಮುಂದೆ ಹಾದುಹೋಗುವಾಗ ಚಹಕ್ಕೆ ಕರೆಯದಿದ್ದರೆ ಮನೆಯ ಮರ್ಯಾದೆಯೇ ಹೋದಂತೆ. ಆದರೆ ಇದಕ್ಕೂ ಮಾಳಿಂಗಪ್ಪನ ಬತ್ತಳಿಕೆಯಲ್ಲಿ ಒಂದು ಬಾಣವಿತ್ತು. "ಬರೋವಾಗ ಬರ್ತೀವಿ" ಎಂದು ಕೈಮುಗಿದು ಮುಂದೆ ಸಾಗಿದರೆ ಆಯಿತು. ಕರೆದವರು ಕರೆದಂತಾಯಿತು, ಹೋಗುವವರು ಮರ್ಯಾದೆ ಕೊಟ್ಟಂತಾಯಿತು, ಒಂದು ಚಿಟಿಕೆ ಚಹಪುಡಿಯೂ ಖರ್ಚಾಗಲಿಲ್ಲ. ಬರುವಾಗ ಯಾರೂ ಬರುವುದಿಲ್ಲ, ಬರಲಿ ಎಂದು ಯಾರೂ ಕಾಯುವುದೂ ಇಲ್ಲ.

ಬಾಣ ಚೆನ್ನಾಗಿಯೇ ಕೆಲಸ ಮಾಡಿತು. ಓಣಿಯ ತಿರುವಿನಲ್ಲಿ ಸೈಕಲ್ ಅಂಗಡಿಯ ಕುತುಬುದ್ದೀನ್ ಕರೆದ. ಬರೋವಾಗ ಬರ್ತೀವಿ. ಬಜಾರಿನಲ್ಲಿ ಹೊಲಿಗೆ ಅಂಗಡಿಯ ದಸ್ತಗೀರ್ ಸಾಬ್ ಕರೆದರು. ಬರೋವಾಗ ಬರ್ತೀವಿ. ಮುಂದಿನ ಗಲ್ಲಿಯಲ್ಲಿ ನಿವೃತ್ತ ಹೆಡ್ ಕ್ಲರ್ಕ್ ವಿರೂಪಣ್ಣ ಮನೆಯ ಕಟ್ಟೆಯಿಂದಲೇ ಕೂಗಿದರು. ಅವರಿಗೂ ಅದೇ. ಪ್ರತಿ ಸಲವೂ ಕನಕರಾಯ ರುಮಾಲು ಸರಿಪಡಿಸಿಕೊಂಡು ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಕೋಟೆಯ ಬಾಗಿಲು ಎದುರಿಗೇ ಕಾಣುತ್ತಿತ್ತು. ಎಮ್ಮೆಗಳ ಸಾಲು ಕಟ್ಟಿ ಎಳೆದು ತಂದ ಉದ್ದನೆಯ ಕಲ್ಲಿನ ಬಗ್ಗೆ ಮಾಳಿಂಗಪ್ಪ ಆಗಲೇ ಭಾಷಣ ಶುರುಮಾಡಿದ್ದ. ಕನಕರಾಯ ನಿಂತುಬಿಟ್ಟ.

"ಇನ್ನ ತಿರುಗೂಣ್ರಿ. ಚಾ ಇಟ್ಟಿರ್ತಾರ, ಆರತದ."

ಮಾಳಿಂಗಪ್ಪ ನಕ್ಕು, ಅದೆಲ್ಲ ಬಾಯಿಮಾತು, ಇಲ್ಲಿ ಹಾಗೆ ಅನ್ನುವುದು ರೂಢಿ ಎಂದು ತಿಳಿಹೇಳಿದ. ಕನಕರಾಯನ ಮುಖ ಸಣ್ಣಗಾಯಿತು.

"ನಾ ಹಿಂಡು ಕುರಿ ಬಾಯಿಮಾತಿನ ಮ್ಯಾಲೇ ಮಾರ್ತೀನ್ರಿ. ಹುಡುಗಿನ್ನ ನಿಮ್ಮನಿಯಾಗ ಬಿಡಾಕ ಬಂದದ್ದೂ ನಿಮ್ಮ ಮಾತಿನ ಮ್ಯಾಲೇ. ಅದೂ ಹಿಂಗ ಏನು?"

ಮಾಳಿಂಗಪ್ಪನ ಎದೆ ಧಸಕ್ಕೆಂದಿತು. ಮಾನ್ವಿಯ ಗಂಡು ಬಾಸಿಂಗ ಕಟ್ಟಿಕೊಂಡು ಕಣ್ಣ ಮುಂದೆ ಬಂದು ನಿಂತ. ತಾನು ತಮಾಷೆ ಮಾಡಿದೆ, ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ತನ್ನದಲ್ಲ ಎಂದು ಆಣೆ ಮಾಡಿ ಅವನು ಕೋಟೆಗೆ ಬೆನ್ನು ತಿರುಗಿಸಿದ.

ಮೊದಲು ಕರೆದವನ ಹತ್ತಿರ ಮೊದಲು ಹೋಗುವುದೇ ನ್ಯಾಯ ಎಂದ ಕನಕರಾಯ. ಹೀಗೆ ಓಣಿಯ ತಿರುವಿನ ತನಕ ಮರಳಿ ಬಂದವರನ್ನು ನೋಡಿ ಕುತುಬುದ್ದೀನನ ಕೈಯಲ್ಲಿದ್ದ ಪಂಪು ಅರ್ಧಕ್ಕೇ ನಿಂತಿತು. ಸೈಕಲ್ ಎಲ್ಲಿ, ಪಂಕ್ಚರ್ ಆಯಿತೇ ಎಂದು ಕೇಳಿದ. ಚಹಕ್ಕೆ ಬಂದಿದ್ದೇವೆ ಎಂದರೆ ಅವನಿಗೆ ಅರ್ಥವೇ ಆಗಲಿಲ್ಲ. ಅವನು ಅಂಗಡಿ ಇಟ್ಟಾಗಿನಿಂದ ಬರುವಾಗ ಬರುತ್ತೇವೆ ಎಂದು ಹೋದವರು ಒಬ್ಬರೂ ಬಂದಿರಲಿಲ್ಲ! ಅಂಗಡಿಯ ಹಿಂದೆಯೇ ಮನೆ. ಒಳಗಿದ್ದ ಹೆಂಡತಿ ಜೈಬುನ್ನೀಸಾ ಪರದೆಯ ಸಂದಿಯಿಂದ ಗಂಡನಿಗೆ ಹಾಲಿಲ್ಲ ಎಂದು ಸನ್ನೆ ಮಾಡಿದಳು. ಹಾಲಿನವನ ಎಮ್ಮೆ ಮೇಯಲು ಹೋಗಿತ್ತು. ಬೇರೆ ಓಣಿಯಿಂದ ಹಾಲು ತರಿಸಿ, ಬಿಸ್ಕೀಟು ತರಿಸಿ, ಚಹ ಕೈಗೆ ಬರುವಷ್ಟರಲ್ಲಿ ಬಿಸಿಲು ಅಂಗಡಿಯ ಮೆಟ್ಟಿಲು ಹತ್ತಿ ಕೂತಿತ್ತು. ಕುತುಬುದ್ದೀನನಿಗೋ ಹೃದಯ ತುಂಬಿ ಬಂದಿತ್ತು. ಇಂಥ ಮನುಷ್ಯನಿಗೆ ಊರು ತೋರಿಸದಿದ್ದರೆ ತಾನೆಂಥವನು ಎಂದು ಅಂಗಡಿಯ ಬಾಗಿಲು ಹಾಕಿ ಅವನೂ ಹೊರಟ.

ದಸ್ತಗೀರ್ ಸಾಬರು ಇವರ ತಲೆ ಕಂಡದ್ದೇ ತಡ, "ನಾಳಿಗಿ ಖಂಡಿತ ಕೊಡ್ತೀನ್ರಿ" ಎಂದರು. ಮಾಳಿಂಗಪ್ಪನ ಪಾಯಜಾಮ ಯುಗಾದಿಯಿಂದ ಅವರ ಹತ್ತಿರ ಬಿದ್ದಿತ್ತು. ವಿಷಯ ಪಾಯಜಾಮದ್ದಲ್ಲ, ಚಹದ್ದು ಎಂದು ತಿಳಿದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಚಹದ ನಡುವೆ ಕನಕರಾಯನ ಅಂಗಿ ಭುಜದಲ್ಲಿ ಹರಿದಿರುವುದು ಅವರ ಕಣ್ಣಿಗೆ ಬಿತ್ತು. ಹಾಗೆ ಬಿಟ್ಟರೆ ತಮ್ಮ ಕಸುಬಿಗೇ ಅವಮಾನವೆಂದು ಹಟ ಹಿಡಿದು ಅಂಗಿ ಬಿಚ್ಚಿಸಿದರು. ಕನಕರಾಯ ಬರಿಮೈಯಲ್ಲಿ ಕೂತು ಕುರಿಯ ಉಣ್ಣೆಯ ಬಗ್ಗೆ ಮಾತು ತೆಗೆದ. ಅರಿವೆಯ ಮನುಷ್ಯನಿಗೆ ಉಣ್ಣೆಯ ಮಾತು ಸಿಕ್ಕರೆ ಕೇಳಬೇಕೆ? ಮಾಳಿಂಗಪ್ಪ ಕೂತಲ್ಲಿ ಕೂರಲಾರದೆ ಒದ್ದಾಡಿದ. ಕಾಲೇಜಿನ ಗೇಟಿನಲ್ಲಿ ದುರುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿರುವ ಚಿತ್ರ ಅವನ ಕಣ್ಣಿಗೆ ಕಟ್ಟಿತ್ತು.

ಮೊದಲು ಕಾಲೇಜು ನೋಡಿಬಿಡೋಣ, ವಿರೂಪಣ್ಣನವರ ಮನೆಗೆ ಬರುವಾಗ... ಎಂದವನು ನಾಲಿಗೆ ಕಚ್ಚಿಕೊಂಡ. ಇನ್ನೊಂದು ಸಲ ಆ ಮಾತು ಬಾಯಿಂದ ಬಿದ್ದಿದ್ದರೆ ಇನ್ನೊಂದು ಚಹ ತಲೆಗೆ ಕಟ್ಟುತ್ತಿತ್ತು.

ವಿರೂಪಣ್ಣ ಅಷ್ಟರಲ್ಲಿ ಉಂಡು ಮಲಗಿದ್ದರು. ಮಾಳಿಂಗಪ್ಪನ ಮುಖ ಅರಳಿತು. ಕನಕರಾಯ ಮಾತ್ರ, ವಯಸ್ಸಾದವರು, ನಿದ್ದೆಗೆಡಿಸುವುದು ಬೇಡ, ಎದ್ದ ಮೇಲೆ ಕಂಡರಾಯಿತು ಎಂದು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಪಕ್ಕ ಕುತುಬುದ್ದೀನ್, ಅವನ ಪಕ್ಕ ಇದೀಗ ಕೂಡಿಕೊಂಡ ದಸ್ತಗೀರ್ ಸಾಬ್. ಕಣ್ಣುಜ್ಜಿಕೊಂಡು ಹೊರಬಂದ ವಿರೂಪಣ್ಣ, ಕಟ್ಟೆಯ ತುಂಬ ಗಂಡಸರು ಸುಮ್ಮನೆ ಕೂತಿರುವುದನ್ನು ಕಂಡು ಕಂಬ ಹಿಡಿದುಕೊಂಡರು.

"ಯಾರ್ ಹೋದ್ರಪ್ಪಾ?"

ಯಾರೂ ಹೋಗಿಲ್ಲ, ಹೋಗುವ ಸ್ಥಿತಿಯಲ್ಲಿರುವವನು ತಾನೊಬ್ಬನೇ ಎಂದು ಮಾಳಿಂಗಪ್ಪನಿಗೆ ಹೇಳಬೇಕೆನಿಸಿತು. ಚಹದ ಮಾತು ಕೇಳಿದ ವಿರೂಪಣ್ಣ, ಊಟದ ಹೊತ್ತಿಗೆ ಬಂದವರಿಗೆ ಬರೀ ಚಹ ಕೊಡುವಷ್ಟು ತಮ್ಮ ಮನೆ ಬರಗೆಟ್ಟಿಲ್ಲ ಎಂದು ಗುಡುಗಿದರು. ಒಲೆ ಹೊತ್ತಿತು, ಹಿಟ್ಟು ಕಲಸಿದರು, ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಒಂದೊಂದು ಬಡಿತವೂ ತನ್ನ ಬೆನ್ನ ಮೇಲೇ ಬಿದ್ದಂತೆ ಮಾಳಿಂಗಪ್ಪ ಮುಖ ಕಿವುಚಿದ. ಉಂಡಾದ ಮೇಲೆ ವಿರೂಪಣ್ಣನೂ ಕೈಕೋಲು ಹಿಡಿದು ಹೊರಟರು. ಅವರಿಗೆ ಮಂಡಿನೋವು. ಇಡೀ ದಂಡು ಅವರ ಹೆಜ್ಜೆಗೆ ಹೆಜ್ಜೆ ಹಾಕಿತು.

ಅಷ್ಟರಲ್ಲಿ, ಹೇಳಿದಂತೆ ಬರುವ ಮನುಷ್ಯನೊಬ್ಬ ಊರಿಗೆ ಬಂದಿದ್ದಾನೆ ಎಂಬ ಸುದ್ದಿ ಇವರಿಗಿಂತ ಮುಂದೆ ನಡೆದಿತ್ತು. ಅಂಗಡಿಯವರೆಲ್ಲ ಎದ್ದು ನಿಂತು ಕರೆಯತೊಡಗಿದರು. ತಾಳ್ಮೆಗೆಟ್ಟ ಮಾಳಿಂಗಪ್ಪ ಮಿರ್ಚಿ ಕರಿಯುತ್ತಿದ್ದವನೊಬ್ಬನಿಗೆ, ನಾವು ಬರುವುದಿಲ್ಲ, ಈಗಲೂ ಬರುವುದಿಲ್ಲ, ಆಮೇಲೂ ಬರುವುದಿಲ್ಲ ಎಂದು ರಸ್ತೆಯ ನಡುವೆ ಕಿರುಚಿದ. ಅವನ ಜಾಲರಿ ಸೌಟು ಎಣ್ಣೆಯಲ್ಲೇ ನಿಂತಿತು. ದುಡಿದು ತಿನ್ನುವ ಮನುಷ್ಯನಿಗೆ ಹೀಗೆ ಅನ್ನುವುದೇ ಎಂದು ವಿರೂಪಣ್ಣ ಅಲ್ಲೇ ನಿಂತು ಬುದ್ಧಿ ಹೇಳಿದರು. ಪ್ರಾಯಶ್ಚಿತ್ತವಾಗಿ ಎಲ್ಲರೂ ಕೂತು ಮಿರ್ಚಿ ತಿನ್ನಬೇಕಾಯಿತು. ಖಾರಕ್ಕೆ ಬಂದದ್ದೋ ದುಃಖಕ್ಕೆ ಬಂದದ್ದೋ, ಮಾಳಿಂಗಪ್ಪನ ಕಣ್ಣಲ್ಲಿ ನೀರಿತ್ತು.

ಕಾಲೇಜು ಮುಟ್ಟಿದಾಗ ಜವಾನ ಗೇಟಿಗೆ ಬೀಗ ಜಡಿದು ಸೈಕಲ್ ಹತ್ತುತ್ತಿದ್ದ. ಹೆಂಗಸರ ಸುಳಿವಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ದುರುಗಮ್ಮ, ಯಂಕಮ್ಮ ಬೆಂಚಿನ ಮೇಲೆ ಕೂತಿದ್ದರು. ದುರುಗಮ್ಮ ಗಂಡನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಮಾತಾಡಿದವಳು ಯಂಕಮ್ಮ. ಗೇಟಿನಲ್ಲಿ ಕಾದು ಕಾದು ಸಾಕಾಗಿ ಅತ್ತೆ, ಸೊಸೆ ಇಬ್ಬರೂ ಒಳಗೆ ಹೋಗಿದ್ದರು. ಪಾಠ ಮಾಡುತ್ತಿದ್ದ ಮೇಡಂ ಒಬ್ಬರು ಕರೆದು ಬೆಂಚಿನ ಮೇಲೆ ಕೂರಿಸಿದ್ದರು. ಹುಡುಗಿಯರಿಗೆ ಬೇರೆ ಕೋಣೆ ಇತ್ತು, ಕೈಗೆಟುಕದಷ್ಟು ಎತ್ತರಕ್ಕೆ ಪುಸ್ತಕಗಳಿದ್ದವು. ಆಮೇಲೂ ಗಂಡಸರು ಬಾರದ್ದರಿಂದ ಇಬ್ಬರೂ ಜಟಕಾದಲ್ಲಿ ಕೋಟೆಗೆ ಹೋಗಿ ಎಮ್ಮೆ ಎಳೆದ ಕಲ್ಲು ನೋಡಿ, ಆಮ್ ತಲಾಬಿನ ದಂಡೆಯಲ್ಲಿ ಕೂತು ಮಂಡಾಳ ಒಗ್ಗರಣೆ ತಿಂದಿದ್ದರು. ಮ್ಯಾಟಿನಿ ಒಂದನ್ನು ಬಿಟ್ಟು ಮಾಳಿಂಗಪ್ಪನ ದಂಡಯಾತ್ರೆಯನ್ನು ಅವನಿಲ್ಲದೆಯೇ ಮುಗಿಸಿಬಿಟ್ಟಿದ್ದರು!

ಕನಕರಾಯ ರುಮಾಲು ಸರಿಪಡಿಸಿಕೊಂಡ. ಕಂಡಕ್ಟರ್ ಸೀಟಿ ಊದಿದ. ಹುಡುಗಿ ಯಾವುದಕ್ಕೂ ಇರಲೆಂದು ತಂದಿದ್ದ ತನ್ನ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡಳು. ಗಂಟು ಬಸ್ಸಿನೊಳಗೆ ಹೋಗುತ್ತದೋ ಇಲ್ಲವೋ ಎಂದು ಮಾಳಿಂಗಪ್ಪ ಉಸಿರು ಬಿಗಿಹಿಡಿದ.

"ನಾ ಕಾಲೇಜು ನೋಡಲಿಲ್ಲ, ಕ್ವಾಟಿ ನೋಡಲಿಲ್ಲ," ಎಂದ ಕನಕರಾಯ. "ಮಂದಿನ್ನ ನೋಡಿದ್ನಿ. ನನ್ನ ಮಗಳು ಯಾವ ಓಣಿಯಾಗ ಹೋದ್ರೂ ಇವಳು ಯಾರಾಕಿ ಅಂತ ಗುರ್ತ ಹಿಡೀತಾರ. ಇರ್ಲಿ ದುರುಗವ್ವಾ, ಹುಡುಗಿ ಇಲ್ಲೇ ಓದ್ಲಿ."

ದುರುಗಮ್ಮ ಸೊಸೆಯನ್ನು ಬಾಚಿ ತಬ್ಬಿಕೊಂಡಳು. ಮಾಳಿಂಗಪ್ಪನ ಎದೆ ಒಂದು ಗೇಣು ಉಬ್ಬಿತು. ಎಷ್ಟಾದರೂ ಆ ಮಂದಿಯನ್ನು ತೋರಿಸಿದವನು ಅವನೇ ಅಲ್ಲವೇ? ಗಂಟಲು ಸರಿಮಾಡಿಕೊಂಡು, ಹುಡುಗಿಯ ಚಿಂತೆ ಬಿಡಬೇಕು, ನಾಳೆ ಬೆಳಿಗ್ಗೆ ಖುದ್ದು ತಾನೇ ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋಗುವುದಾಗಿ ಘೋಷಿಸಿದ.

ಬಸ್ಸಿನ ಮೆಟ್ಟಿಲ ಮೇಲಿದ್ದ ಕನಕರಾಯ ಗಾಬರಿಯಿಂದ ಕೆಳಗಿಳಿದ. ಮಾಳಿಂಗಪ್ಪನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಕಾಲ್ ಬೀಳ್ತೀನ್ರಿ, ಅದೊಂದ್ ಮಾಡಬ್ಯಾಡ್ರಿ. ಆಕಿಗೆ ದಾರಿ ಗೊತ್ತದ."