ಷಡ್ಡಕನಿಗಿಂತ ಹಳೆಯ ಹುಣ್ಣು

ನನ್ನ ಸೊಂಟದ ಎಡಭಾಗದಲ್ಲಿ, ಉಡಿದಾರದ ಗಂಟು ಕೂರುವ ಜಾಗದಲ್ಲೇ, ಕಡಲೆಕಾಳಿನಷ್ಟು ಒಂದು ಹುಣ್ಣಿತ್ತು. ಸುಣ್ಣ ಬೆಲ್ಲ ಕಲಸಿ ಹಚ್ಚಿದರೆ ಎಂಟು ದಿನದಲ್ಲಿ ಮಾಯುತ್ತದೆ ಎಂದು ನನಗೆ ಸಂಪೂರ್ಣ ಭರವಸೆ. ಎಂಟು ದಿನ ಹೋಗಿ ಎಂಟು ತಿಂಗಳಾಯಿತು. ಹುಣ್ಣಿನ ಮೇಲೆ ಹಕ್ಕಳೆ ಕಟ್ಟುವುದು, ಉದುರುವುದು, ಮತ್ತೆ ರಕ್ತ ಒಸರುವುದು. ನನ್ನ ಭರವಸೆ ಮಾತ್ರ ಒಂದಿಷ್ಟೂ ಉದುರಲಿಲ್ಲ!

"ಆ ದಾರ ತೆಗೀರಿ, ತಿಕ್ತೈತೆ" ಎಂದಳು ಹೆಂಡತಿ ರತ್ನ.

ನಮ್ಮಲ್ಲಿ ಗಂಡಸಿನ ಉಡಿದಾರ ತೆಗೆಯುವುದು ಅವನು ಸತ್ತ ಮೇಲೆ. ನಾನು ಗಂಟನ್ನು ಬಲಕ್ಕೆ ಸರಿಸಿದೆ. ಚಿಕಿತ್ಸೆ ಮುಗಿಯಿತು.

ಆಗ ಜಗಳೂರಿನಿಂದ ಸುದ್ದಿ ಬಂತು. ನನ್ನ ಷಡ್ಡಕ, ಅಂದರೆ ರತ್ನಳ ಅಕ್ಕನ ಗಂಡ ಬಸಣ್ಣನಿಗೆ ಕಾಲಿನ ಹಳೇ ಸುಟ್ಟ ಕಲೆಯಲ್ಲಿ ಹುಣ್ಣೆದ್ದು, ಅದು ಚರ್ಮದ ಕ್ಯಾನ್ಸರ್ ಎಂದು ಗೊತ್ತಾಗಿ, ದಾವಣಗೆರೆಯಲ್ಲಿ ಆಪರೇಷನ್ ಆಗಿತ್ತು.

ಸಾಸ್ವೆಹಳ್ಳಿಯಿಂದ ನಾವಿಬ್ಬರೂ ನೋಡಲು ಹೋದೆವು. ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಿತು ಕೂಡ, ವಾರ್ಡಿನ ಬಾಗಿಲವರೆಗೆ. ಒಳಗೆ ನಮ್ಮ ಅತ್ತೆ ಕೈಯಾರೆ ಕಿತ್ತಳೆ ಸುಲಿದು ಅವನಿಗೆ ಕೊಡುತ್ತಿದ್ದರು. ಹದಿನೇಳು ವರ್ಷದಿಂದ ನಾನೂ ಅವರ ಅಳಿಯ. ನನಗೆ ಒಂದು ಬಾಳೆಹಣ್ಣನ್ನೂ ಸುಲಿದು ಕೊಟ್ಟವರಲ್ಲ! ಸಾಲದ್ದಕ್ಕೆ ರತ್ನ, "ಏನ್ ಧೈರ್ಯ ಭಾವ ನಿಮ್ದು!" ಎಂದು ಕಣ್ಣೊರೆಸಿಕೊಂಡಳು.

"ನಾನು ಮೂರು ತಿಂಗ್ಳಿಗೇ ತೋರಿಸ್ದೆ ತಮ್ಮಾ. ವಾಸಿಯಾಗದ ಹುಣ್ಣು ಇಟ್ಕಂಡು ಕುಂದ್ರಬಾರ್ದು" ಎಂದ ಬಸಣ್ಣ. ಎಲ್ಲರೂ ತಲೆದೂಗಿದರು.

"ಮೂರು ತಿಂಗ್ಳೇನು ಮಹಾ? ನಂದು ಎಂಟು ತಿಂಗ್ಳದ್ದು ಐತೆ!" ಎಂದು ನಾನು ಅಲ್ಲೇ ಅಂಗಿ ಎತ್ತಿದೆ.

ಬಸಣ್ಣನನ್ನು ನೋಡಲು ಬಂದಿದ್ದ ಡಾಕ್ಟರಮ್ಮ ನಗಲಿಲ್ಲ. ನನ್ನನ್ನು ಪರದೆಯ ಹಿಂದೆ ಕರೆದೊಯ್ದರು. ಹುಣ್ಣಿನ ಅಂಚನ್ನು ಬೆರಳಿನಿಂದ ಒತ್ತಿದರು. ತೊಡೆಸಂದಿನಲ್ಲಿ ಗಂಟುಗಳಿವೆಯೇ ಎಂದು ಮುಟ್ಟಿ ನೋಡಿದರು.

"ಅಂಚು ಗಟ್ಟಿಯಾಗಿದೆ. ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಮೊದ್ಲು ಈ ದಾರ ಕತ್ತರಿಸಿ."

"ದಾರ ಬ್ಯಾಡ ಮೇಡಂ. ನಾನಿನ್ನೂ ಬದುಕಿದೀನಿ!"

"ಬದುಕ್ಲಿ ಅಂತಾನೇ ಕಣ್ರೀ" ಎಂದು ರತ್ನ ನರ್ಸ್ ಕೈಯಿಂದ ಕತ್ತರಿ ತೆಗೆದುಕೊಂಡು ತಾನೇ ಕತ್ತರಿಸಿದಳು. ತುಂಡಾದ ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ವರದಿ ಬರಲು ಒಂದು ವಾರ. ಆ ವಾರ ನಾನು ಏನು ಉಂಡೆನೋ ನೆನಪಿಲ್ಲ. ಬರಿದಾದ ಸೊಂಟವನ್ನು ತಡವಿಕೊಂಡದ್ದು ಮಾತ್ರ ನೆನಪಿದೆ. ವರದಿಯ ಹಾಳೆಯನ್ನು ಡಾಕ್ಟರಮ್ಮ ಓದಿ ಹೇಳಿದರು: ಷಡ್ಡಕನಿಗೆ ಬಂದದ್ದೇ ನನಗೂ ಬಂದಿತ್ತು. ಅವನಿಗೆ ಸಮನಾಗಬೇಕೆಂಬ ಆಸೆ ಕೊನೆಗೂ ಕೈಗೂಡಿತು! ರತ್ನ ನನ್ನ ಮುಂಗೈ ಹಿಡಿದವಳು ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಹುಣ್ಣನ್ನೂ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಕೊಯ್ದು ತೆಗೆದರು. ಅಂಚಿನಲ್ಲಿ ರೋಗ ಉಳಿದಿಲ್ಲ, ಬೇರೆಲ್ಲೂ ಹರಡಿದಂತೆ ಕಾಣುತ್ತಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಉಳಿದೆನೆಂದು ನಂಬಲು ನನಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಹೊಟ್ಟೆಕಿಚ್ಚು ಮರಳಿತು. ಚೇತರಿಕೆಯ ಮೊದಲ ಲಕ್ಷಣ!

ಅತ್ತೆ ನೋಡಲು ಬರುತ್ತಾರೆಂದು ತಿಳಿದು ಮಂಚದ ಮೇಲೆ ದಿಂಬಿಗೊರಗಿ, ಮುಖ ಬಾಡಿಸಿಕೊಂಡು ಕಾದೆ.

"ಎಷ್ಟು ಹೊಲಿಗೆ ಹಾಕ್ಯಾರೆ ಅಳಿಯಂದ್ರೇ?"

"ಒಂಬತ್ತು, ಅತ್ತೆ" ಎಂದೆ ಕ್ಷೀಣ ಸ್ವರದಲ್ಲಿ.

"ಒಂಬತ್ತೇನಾ! ದೊಡ್ಡ ಅಳಿಯಂದ್ರಿಗೆ ತೊಡೆ ಚರ್ಮ ತೆಗ್ದು ಕಾಲಿಗೆ ಹಾಕ್ಯಾರೆ, ಪಾಪ. ನಿಮ್ಮನ್ನ ನೋಡಾಕೆ ಕೋಲೂರ್ಕಂಡು ಬಂದಾರೆ. ಸ್ವಲ್ಪ ಮಂಚ ಬಿಟ್ಕೊಡ್ರಿ."

ಎದ್ದೆ. ಬಸಣ್ಣ ಒಳಗೆ ಬಂದು, ನನ್ನ ಮಂಚದ ಮೇಲೆ ಕಾಲು ಚಾಚಿ, ನಿಟ್ಟುಸಿರು ಬಿಟ್ಟು ಹೇಳಿದ:

"ನನ್ನಿಂದ ಉಳ್ಕಂಡಿ ನೋಡು, ತಮ್ಮಾ."

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಏನೆಂದರೆ, ಅದು ನಿಜ!